ನಾಡಿಯ ಬಡಿತ ಮತ್ತು ಮೈಯ ಕೊಬ್ಬು

ಹೊಳವನಹಳ್ಳಿಯ ಇಬ್ಬರು ತರುಣರು ಮಧುಗಿರಿಯ ಏಕಶಿಲಾ ಬೆಟ್ಟವನ್ನು ಏರುತ್ತಿದ್ದಾರೆಂದು ಭಾವಿಸೋಣ. ಇಬ್ಬರ ತೂಕವೂ ೬೦ ಕಿಲೋಗ್ರಾಂ; ಇಬ್ಬರೂ ಜೊತೆಜೊತೆಯಾಗಿ ಒಂದೇ ವೇಗದಲ್ಲಿ ಹತ್ತುತ್ತಾರೆ. ಒಬ್ಬನು ಹೊಲದ ಕೆಲಸಕ್ಕೆ ಒಗ್ಗಿದವನು. ಇನ್ನೊಬ್ಬನು ವಿದ್ಯಾರ್ಥಿನಿಲಯದಲ್ಲಿ ಕುಳಿತು ಓದುವವನು. ನಡುದಾರಿಯಲ್ಲಿ ನಿಂತು ನಾಡಿಯನ್ನೆಣಿಸಿದರೆ ಮೊದಲನೆಯವನದು ನಿಮಿಷಕ್ಕೆ ೧೩೦, ಎರಡನೆಯವನದು ೧೭೦ ಇರಬಹುದು. ಹಾಗಾದರೆ ಯಾರ ಮೈಯಿಂದ ಹೆಚ್ಚು ಶಕ್ತಿ ವ್ಯಯವಾಯಿತು? ೧೭೦ರವನದೇ ಎಂದು ಹೇಳಲು ಮನಸ್ಸಾಗುತ್ತದೆ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಇಂದಿನ ಗಡಿಯಾರಗಳು ಈ ಭಾವನೆಯನ್ನು ಇನ್ನಷ್ಟು ಬಲಪಡಿಸಿವೆ. ಆದರೆ ಲೆಕ್ಕವನ್ನು ಮಾಡಿ ನೋಡಿದರೆ ಸಂಗತಿ ಬೇರೆಯೇ ಆಗಿದೆ.

ಪಟ್ಟಣದಿಂದ ಬೆಟ್ಟದ ನೆತ್ತಿಗೆ ಸುಮಾರು ೪೦೦ ಮೀಟರ್ ಏರಬೇಕು. ಭಾರವನ್ನು ಎತ್ತುವ ಕೆಲಸದ ಸೂತ್ರವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ತಿಳಿದದ್ದೇ: ೬೦ × ೯.೮ × ೪೦೦, ಅಂದರೆ ೨,೩೫,೨೦೦ ಜೂಲ್. ಆಹಾರದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ೫೬ ಕಿಲೋಕ್ಯಾಲೊರಿ. ನಮ್ಮ ಸ್ನಾಯುಗಳಾದರೋ ಮಿತವ್ಯಯದ ಯಂತ್ರಗಳಲ್ಲ. ಅವು ಬಳಸಿದ ಶಕ್ತಿಯಲ್ಲಿ ನೂರಕ್ಕೆ ೨೦ರಿಂದ ೨೫ ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ, ಉಳಿದದ್ದೆಲ್ಲ ಶಾಖ. ಆದ್ದರಿಂದ ಬೆಟ್ಟ ಹತ್ತಲು ದೇಹವು ಸುಮಾರು ೨೫೦ ಕಿಲೋಕ್ಯಾಲೊರಿ ಖರ್ಚು ಮಾಡಬೇಕಾಗುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ ೯ ಕಿಲೋಕ್ಯಾಲೊರಿ ಅಡಗಿದೆ. ಇಡೀ ಖರ್ಚನ್ನು ಕೊಬ್ಬೇ ಹೊತ್ತಿತೆಂದರೂ ಕರಗುವುದು ೨೮ ಗ್ರಾಂ. ಕೆಳಗಿಳಿದು ಬಂದು ೮೦ ಗ್ರಾಂ ರಾಗಿ ಹಿಟ್ಟಿನ ಮುದ್ದೆಯನ್ನುಂಡರೆ ಅಷ್ಟು ಶಕ್ತಿ ಮೈಗೆ ಮರಳಿ ಬಂದಂತೆಯೇ.

ಈ ಲೆಕ್ಕದಲ್ಲಿ ನಾಡಿಯ ಪ್ರಸ್ತಾಪವೇ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತೂಕವೂ ಎತ್ತರವೂ ಒಂದೇ ಆದುದರಿಂದ ಇಬ್ಬರ ಖರ್ಚೂ ಹೆಚ್ಚುಕಡಮೆ ಒಂದೇ. ಹಾಗಿದ್ದಮೇಲೆ ನಾಡಿಯಲ್ಲಿ ೪೦ ಬಡಿತಗಳ ಅಂತರವೇಕೆ?

ಕೊಬ್ಬನ್ನಾಗಲಿ ಶರ್ಕರವನ್ನಾಗಲಿ ದಹಿಸಲು ಆಮ್ಲಜನಕ ಬೇಕು. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು ೫ ಕಿಲೋಕ್ಯಾಲೊರಿ ಹೊರಬೀಳುತ್ತದೆ. ಆ ಆಮ್ಲಜನಕವನ್ನು ಸ್ನಾಯುಗಳಿಗೆ ಒಯ್ಯುವುದು ರಕ್ತ. ಜರ್ಮನಿಯ ಆಡಾಲ್ಫ್ ಫಿಕ್ ೧೮೭೦ರಲ್ಲಿ ಇದರ ಲೆಕ್ಕವನ್ನು ಸ್ಪಷ್ಟಪಡಿಸಿದನು. ಕಣದಿಂದ ಮನೆಗೆ ರಾಗಿ ಸಾಗಿಸುವುದನ್ನು ನೆನೆದುಕೊಂಡರೆ ಅವನ ತತ್ತ್ವ ಸುಲಭವಾಗಿ ಮನದಟ್ಟಾಗುತ್ತದೆ. ಮನೆ ಸೇರಿದ ರಾಗಿಯೆಷ್ಟೆಂದು ತಿಳಿಯಲು ಬಂಡಿ ಎಷ್ಟು ಸಲ ಬಂತೆಂಬುದೊಂದೇ ಸಾಲದು. ಪ್ರತಿ ಸಲವೂ ಎಷ್ಟು ಹೇರಿತ್ತು, ಅದರಲ್ಲಿ ಎಷ್ಟು ಇಳಿಸಿಕೊಂಡರು ಎಂಬುದೂ ಬೇಕು. ನಾಡಿಯು ಬಂಡಿಯ ಸರದಿ. ವಿಶ್ರಾಂತಿಯಲ್ಲಿ ಹೃದಯವು ಬಡಿತವೊಂದಕ್ಕೆ ಸುಮಾರು ೭೦ ಮಿಲಿಲೀಟರ್ ರಕ್ತವನ್ನು ತಳ್ಳುತ್ತದೆ. ನಿಮಿಷಕ್ಕೆ ೭೦ ಬಡಿತವಾದರೆ ಸುಮಾರು ೫ ಲೀಟರ್. ದುಡಿದು ಪಳಗಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಬಲ್ಲುದು. ಆದಕಾರಣ ಅದಕ್ಕೆ ಕಡಮೆ ಸರದಿಗಳು ಸಾಕು. ನಾಡಿ ತಿಳಿಸುವುದು ಕರಗಿದ ಕೊಬ್ಬಿನ ಮೊತ್ತವನ್ನಲ್ಲ, ಆ ಕೆಲಸವು ಆ ಹೃದಯಕ್ಕೆ ಎಷ್ಟು ಭಾರವೆನಿಸಿತೆಂಬುದನ್ನು.

ನಾಡಿಯನ್ನೂ ಮೈತೂಕವನ್ನೂ ಅಳತೆಗೆ ಒಳಪಡಿಸಿದವರಲ್ಲಿ ಮೊದಲಿಗನು ಒಬ್ಬನೇ ವ್ಯಕ್ತಿಯೆಂಬುದು ಸ್ವಾರಸ್ಯದ ಸಂಗತಿ. ಇಟಲಿಯ ವೈದ್ಯ ಸಾಂಟೋರಿಯೋ ಲೋಲಕದ ದಾರವನ್ನು ಉದ್ದ ಗಿಡ್ಡ ಮಾಡಿ ಅದರ ತೂಗಾಟವನ್ನು ನಾಡಿಗೆ ಹೊಂದಿಸುತ್ತಿದ್ದನು. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿ, ೧೬೧೪ರಲ್ಲಿ ಅದನ್ನು ಪುಸ್ತಕವಾಗಿ ಹೊರತಂದನು. ಎರಡು ಲೆಕ್ಕಗಳನ್ನೂ ಅವನು ಬೇರೆಬೇರೆಯಾಗಿಯೇ ಇಟ್ಟದ್ದು ಜಾಣತನವೆಂದು ನಮಗೆ ತೋರುತ್ತದೆ.

ಭಾರದ ಅರಿವೂ ಬೇಕಾದದ್ದೇ. ತೀರ ಹಗುರವಾದ ನಡಿಗೆಯಿಂದ ಹೃದಯ ಪಳಗದು. ತೀರ ಕಠಿಣವಾದದ್ದನ್ನು ಹತ್ತು ನಿಮಿಷವೂ ನಡೆಸಲಾಗದು. ಇವೆರಡರ ನಡುವಣ ಹದವನ್ನು ಕಾಣಲು ಫಿನ್ಲೆಂಡಿನ ಮಾರ್ಟಿ ಕಾರ್ವೊನೆನ್‌ನ ಹೆಸರಿನ ಕ್ರಮವೊಂದುಂಟು. ವ್ಯಾಯಾಮಕ್ಕೂ ನಾಡಿಗೂ ಇರುವ ಸಂಬಂಧವನ್ನು ಕುರಿತ ಅವನ ಪ್ರಬಂಧ ೧೯೫೭ರದು. ಗರಿಷ್ಠ ನಾಡಿಯಿಂದ ವಿಶ್ರಾಂತಿಯ ನಾಡಿಯನ್ನು ಕಳೆದರೆ ದೊರೆಯುವುದೇ ಹೃದಯದ ಮೀಸಲು. ಮಧ್ಯಮ ವ್ಯಾಯಾಮಕ್ಕೆ ಈ ಮೀಸಲಿನಲ್ಲಿ ನೂರಕ್ಕೆ ೪೦ರಿಂದ ೬೦ ಪಾಲನ್ನು ವಿಶ್ರಾಂತಿಯ ನಾಡಿಗೆ ಕೂಡಿಸುತ್ತಾರೆ. ೨೦ ವರ್ಷದವನ ಗರಿಷ್ಠ ನಾಡಿ ೨೦೦, ವಿಶ್ರಾಂತಿಯದು ೭೦ ಆದರೆ ಮೀಸಲು ೧೩೦. ಹದವು ೧೨೨ರಿಂದ ೧೪೮.

ಈ ೨೦೦ ಎಲ್ಲಿಂದ ಬಂತು? ೨೨೦ರಿಂದ ವಯಸ್ಸನ್ನು ಕಳೆಯುವ ಪ್ರಸಿದ್ಧ ಸೂತ್ರದಿಂದ. ೧೯೭೧ರಲ್ಲಿ ಫಾಕ್ಸ್ ಮತ್ತು ಸಂಗಡಿಗರು ಹಲವು ಪ್ರಯೋಗಗಳ ಅಂಕಿಗಳ ನಡುವೆ ಎಳೆದ ಸ್ಥೂಲ ರೇಖೆಯಿದು. ೨೦೦೧ರಲ್ಲಿ ತನಾಕಾ ಮತ್ತು ಸಂಗಡಿಗರು ೨೦೮ರಿಂದ ವಯಸ್ಸಿನ ೦.೭ ಪಾಲನ್ನು ಕಳೆಯಬೇಕೆಂದರು. ಆಗ ೨೦ ವರ್ಷದವನಿಗೆ ೧೯೪ ಬರುತ್ತದೆ. ಎರಡೂ ಸರಾಸರಿಗಳೇ. ಒಬ್ಬನ ನಿಜವಾದ ಗರಿಷ್ಠವು ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ತೀರ ಸಾಮಾನ್ಯ. ಒಂದು ಬಡಿತ ಹೆಚ್ಚಿತೆಂದು ಗಾಬರಿಯಾಗುವುದು ಮೊಳಕೋಲಿನಿಂದ ಕೂದಲಿನ ದಪ್ಪವನ್ನಳೆದಂತೆ.

‘ಕೊಬ್ಬು ಕರಗುವ ವಲಯ’ವೆಂಬ ಮಾತೂ ಇತ್ತೀಚೆಗೆ ಬಹಳವಾಗಿ ಕೇಳಿಬರುತ್ತಿದೆ. ನಾಡಿ ಕೆಳಮಟ್ಟದಲ್ಲಿರುವಾಗ ದೇಹವು ಉರುವಲಿನಲ್ಲಿ ಕೊಬ್ಬಿನ ಪಾಲನ್ನು ಹೆಚ್ಚಿಸಿಕೊಳ್ಳುವುದು ನಿಜ. ಶ್ರಮ ಏರಿದಂತೆ ಶರ್ಕರದ ಪಾಲು ಏರುತ್ತದೆ. ಆದರೆ ಪಾಲು ಬೇರೆ, ಮೊತ್ತ ಬೇರೆ. ಅರ್ಧ ಗಂಟೆಯ ನಿಧಾನ ನಡಿಗೆಗೆ ೧೨೦ ಕಿಲೋಕ್ಯಾಲೊರಿ ವ್ಯಯವಾಗಿ ಅದರಲ್ಲಿ ಕೊಬ್ಬಿನದು ನೂರಕ್ಕೆ ೬೦ ಎಂದಿಟ್ಟುಕೊಳ್ಳೋಣ. ಅದು ೭೨ ಆಯಿತು. ಅಷ್ಟೇ ಹೊತ್ತಿನ ಓಟಕ್ಕೆ ೩೦೦ ವ್ಯಯವಾಗಿ ಕೊಬ್ಬಿನದು ನೂರಕ್ಕೆ ೪೦ ಆದರೂ ೧೨೦ ಆಗುತ್ತದೆ. ಇಷ್ಟಾಗಿಯೂ ತೂಕವನ್ನು ನಿರ್ಧರಿಸುವುದು ಆ ಅರ್ಧ ಗಂಟೆಯಲ್ಲ. ದಿನವಿಡೀ ಉಂಡದ್ದು ಎಷ್ಟು, ವ್ಯಯವಾದದ್ದು ಎಷ್ಟು ಎಂಬ ಜಮಾಖರ್ಚು. ಇದನ್ನರಿಯದೆ ಊಟ ಬಿಟ್ಟು ಗಡಿಯಾರದ ಅಂಕಿಯನ್ನು ಬೆನ್ನಟ್ಟುವ ತರುಣ ತರುಣಿಯರನ್ನು ಕಂಡರೆ ನಮಗೆ ಕಳವಳವಾಗುತ್ತದೆ.

ನಾಡಿ ಮೋಸವನ್ನೂ ಮಾಡುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನಪತ್ರಿಕೆ ಕೈಗೆ ಬಂದಾಗ ಅದು ೧೧೦ಕ್ಕೆ ಏರಬಹುದು. ಅದರಿಂದ ಯಾರೂ ತೆಳ್ಳಗಾದದ್ದಿಲ್ಲ. ಜ್ವರದಲ್ಲಿಯೂ ಏರುತ್ತದೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ನಡೆದರೆ, ಮೈಯನ್ನು ತಂಪುಮಾಡಲು ಚರ್ಮಕ್ಕೂ ರಕ್ತವನ್ನು ಕಳುಹಿಸಬೇಕಾಗಿ ಬಂದು, ಅದೇ ನಡಿಗೆಗೆ ನಾಡಿ ಹೆಚ್ಚು ಬಡಿಯುತ್ತದೆ. ಆಗ ತಕ್ಕಡಿಯಲ್ಲಿ ಇಳಿದು ಕಾಣುವ ತೂಕ ಬೆವರಿನದು; ನೀರು ಕುಡಿದೊಡನೆ ಮರಳುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಿಗಳು ಇದಕ್ಕೆ ವಿರುದ್ಧವಾಗಿ ನಾಡಿಯನ್ನು ತಗ್ಗಿಸುತ್ತವೆ. ಅಂಥವರಿಗೆ ಮೇಲಿನ ಸೂತ್ರಗಳು ಸಲ್ಲವು. ವ್ಯಾಯಾಮದಲ್ಲಿ ಎದೆನೋವೋ ತಲೆಸುತ್ತೋ ಕಂಡರೆ ಎಣಿಕೆಯನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಎಣಿಸಲು ಗಡಿಯಾರದ ಹಸಿರು ಬೆಳಕೇ ಬೇಕೆಂದಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳನ್ನಿಟ್ಟು, ನಿಂತೊಡನೆಯೇ ೧೫ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರಾಯಿತು. ತಡಮಾಡಿದರೆ ಬಡಿತ ಇಳಿದುಬಿಡುತ್ತದೆ. ಅದೂ ಆಗದಿದ್ದರೆ, ಮಾತನಾಡಲು ಬರುವಂತಿದ್ದು ಹಾಡಲು ಬಾರದಷ್ಟು ಏದುಸಿರಿದ್ದರೆ ಮಧ್ಯಮ ವ್ಯಾಯಾಮವೆಂದು ತಿಳಿಯಬಹುದು.

ಕೆಲವು ತಿಂಗಳು ಹೀಗೆ ನಡೆಸಿದರೆ ಅದೇ ಏರಿಗೆ ನಾಡಿ ೧೭೦ರಿಂದ ೧೫೦ಕ್ಕೆ ಇಳಿಯಬಹುದು. ಹೃದಯ ಪಳಗಿತೆಂದು ಸಂತೋಷಪಡಬೇಕಾದದ್ದೇ. ಮೈತೂಕವೂ ೬೦ರಿಂದ ೫೫ಕ್ಕೆ ಇಳಿದಿದ್ದರೆ ಬೆಟ್ಟದ ಖರ್ಚು ೨೫೦ರಿಂದ ಸುಮಾರು ೨೩೦ ಕಿಲೋಕ್ಯಾಲೊರಿಗೆ ಇಳಿದಿರುತ್ತದೆ. ಮೊದಮೊದಲು ಬೇಗ ಇಳಿದ ತೂಕ ಬರಬರುತ್ತ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.