ಸಮುದ್ರ ಕೆಟ್ಟ ದಿನ ಮೆನು ಬದಲಿಸೋಣ



ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮ ಹೋಟೆಲು. ಜೊತೆಗೆ ರಿಸೆಪ್ಷನ್ ಊಟದ ಆರ್ಡರುಗಳನ್ನೂ ಮಾಡುತ್ತೇವೆ. ಮೀನು ಹೆಚ್ಚಿಗೆ ಬೇಕಾದರೆ ಫಿಶಿಂಗ್ ಹಾರ್ಬರಿಗೆ ಹೋಗುತ್ತೇವೆ. ದಿನದ ಖರ್ಚಿಗೆ ಪಕ್ಕದ ಪೆದ್ದ ಜಾಲಾರಿಪೇಟೆಯೇ ಸಾಕು. ಅಲ್ಲಿಯವರು ನಸುಕಿಗೆ ಮುಂಚೆ ಸಣ್ಣ ಫೈಬರ್ ತೆಪ್ಪದಲ್ಲಿ ಹೋಗಿ, ದಡದ ಹತ್ತಿರವೇ ಬಲೆ ಹಾಕಿ ಬರುತ್ತಾರೆ. ನಮ್ಮ ಕಡೆಯ ಅಂಜಲಿಗೆ ಇಲ್ಲಿ ವಂಜರಂ, ಮಾಂಜಿಗೆ ಚಂದುವ, ಬೂತಾಯಿಗೆ ಕವಳ್ಳು ಎನ್ನುತ್ತಾರೆ.

ಒಂದು ಅಕ್ಟೋಬರಿನಲ್ಲಿ ನೂರೈವತ್ತು ಜನರ ರಿಸೆಪ್ಷನ್ ಒಪ್ಪಿಕೊಂಡಿದ್ದೆವು. ವಂಜರಂ ಫ್ರೈ ಕಡ್ಡಾಯ ಎಂದಿದ್ದರು, ಅಡ್ವಾನ್ಸೂ ಪಡೆದಿದ್ದೆವು. ಎರಡು ದಿನ ಮುಂಚೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಬಂದರಿನಲ್ಲಿ ಎಚ್ಚರಿಕೆ ಸಿಗ್ನಲ್ ಏರಿತು. ಹಾರ್ಬರಿನಲ್ಲಿ ಸಿಕ್ಕ ಮೀನು ಅರ್ಧಕ್ಕೂ ಸಾಲದು. ನಮಗೆ ಕಾಯಂ ಮೀನು ಕೊಡುವವರ ಬಳಿಗೆ ಓಡಿದೆವು. "ರೇಟು ಎಷ್ಟಾದರೂ ಕೊಡುತ್ತೇವೆ, ದೂರ ಹೋಗಬೇಡಿ, ದಡದಲ್ಲೇ ಒಂದು ಬಲೆ ಹಾಕಿ ಬನ್ನಿ" ಎಂದೆವು.

ಅವರು ಬಲೆ ಮಡಚುತ್ತಾ ಹೇಳಿದರು: "ಬಾಬೂ, ಭಯ ಇರುವುದು ದಡದಲ್ಲೇ. ಅಲೆ ಒಡೆಯುವುದು ಇಲ್ಲಿ. ತೆಪ್ಪ ಅಡ್ಡ ತಿರುಗಿದರೆ ಮಗುಚಿತು. ನಿಮ್ಮ ಊಟಕ್ಕೆ ನನ್ನ ಮಗನನ್ನು ಕಳಿಸಲೇ?"

ನಮಗೆ ತಲೆ ಎತ್ತಲಾಗಲಿಲ್ಲ. ಗಾಳಿ ಇಲ್ಲದೆಯೂ ದೊಡ್ಡ ಅಲೆ ಬರತೊಡಗಿದರೆ ದೂರದಲ್ಲಿ ಬಿರುಗಾಳಿ ಎದ್ದಿರಬಹುದು ಎಂಬುದನ್ನೂ ಅವರೇ ತಿಳಿಸಿದರು. ಪಾರ್ಟಿಯ ಮನೆಗೆ ಹೋಗಿ ಇದ್ದದ್ದನ್ನು ಹೇಳಿ, ಕೋಳಿ ಫ್ರೈ, ಮೊಟ್ಟೆ ಮಸಾಲೆ ಮಾಡಿ, ಬಿಲ್ಲಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟೆವು. ಊಟ ಚೆನ್ನಾಗಿಯೇ ನಡೆಯಿತು.

ಮೊದಲೇ ತುಂಬಿಟ್ಟುಕೊಂಡರಾಯಿತು ಎನ್ನಬಹುದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನಮ್ಮ ಊರಿಗೇ ಅಪ್ಪಳಿಸಿತು. ದಿನಗಟ್ಟಲೆ ಕರೆಂಟ್ ಇಲ್ಲದೆ ನಮ್ಮ ಫ್ರೀಜರಿನ ಮೀನೆಲ್ಲ ಕಸಕ್ಕೆ ಹೋಯಿತು.

ಅನುಭವದಿಂದ ಕಲಿತ ನಾಲ್ಕು ಮಾತು:

1. ಆರ್ಡರ್ ಚೀಟಿಯಲ್ಲಿ "ಸಮುದ್ರದ ಹವಾಮಾನ ನೋಡಿ ಮೀನು ಬದಲಾಗಬಹುದು" ಎಂದು ಬರೆಸಿ, ಬದಲಿ ಐಟಂ ಆಗಲೇ ಒಪ್ಪಿಸಿಕೊಳ್ಳಿ.

2. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ, ನಮ್ಮ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ದೊಡ್ಡ ಮೀನಿನ ಮಾತು ಕೊಡಬೇಡಿ.

3. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು ದಿನವೂ ಗಮನಿಸಿ.

4. ಮೀನು ಕಡಿಮೆ ಇರುವಾಗ ಹಳೆಯ ಮಾಲು ಮಾರುಕಟ್ಟೆಗೆ ಬರುತ್ತದೆ. ಕಿವಿರು ಕೆಂಪಗಿದೆಯೇ, ಕಣ್ಣು ಉಬ್ಬಿದೆಯೇ ನೋಡಿ. ಐಸಿಲ್ಲದೆ ಬಿದ್ದಿದ್ದ ಬಂಗುಡೆ, ಅಂಜಲಿನಲ್ಲಿ ಹುಟ್ಟುವ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಒಂದು ಆರ್ಡರ್ ತಪ್ಪಿದರೆ ಇನ್ನೊಂದು ಬರುತ್ತದೆ. ನಮ್ಮ ಮಾತಿಗೆ ತೆಪ್ಪ ಇಳಿಸಿ ಯಾರ ಮನೆಯ ದೀಪವೂ ಆರದಿರಲಿ.