ಮಗಳಿಗೆ ಗ್ರೀಕ್ ಪುರಾಣದ ಹೆಸರಾ? ಅರ್ಥ ನೋಡಿದ್ರೆ ಸಾಲದು, ಕಥೆಯನ್ನೂ ಓದಿ

ಅಥೀನಾ, ಐರಿಸ್, ಡ್ಯಾಫ್ನಿ, ಪೆನೆಲೊಪಿ, ಪರ್ಸೆಫನಿ. ಹೆಣ್ಣುಮಗುವಿಗೆ ಹೆಸರು ಹುಡುಕಿ ಗೂಗಲ್‌ಗೆ ಹೋದರೆ ಇವು ಸಾಲಾಗಿ ಬಂದು ನಿಲ್ಲುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ಒಂದೊಂದು ಚಂದದ ಅರ್ಥ. ಐರಿಸ್ ಅಂದ್ರೆ ಕಾಮನಬಿಲ್ಲು, ಡ್ಯಾಫ್ನಿ ಅಂದ್ರೆ ಲಾರೆಲ್ ಗಿಡ, ಪಂಡೋರಾ ಅಂದ್ರೆ ಎಲ್ಲ ಉಡುಗೊರೆಗಳನ್ನೂ ಪಡೆದವಳು. ಕೇಳೋಕೆ ಹಿತವಾಗಿದೆ, ಜಾತಿ ಸುಳಿವು ಕೊಡಲ್ಲ, ಪಾಸ್‌ಪೋರ್ಟ್‌ನಲ್ಲೂ ಚೆನ್ನಾಗಿ ಕಾಣುತ್ತೆ. ಇನ್ನೇನು ಬೇಕು?

ಬೇಕಾದ್ದು ಇದೆ. ಈ ಹೆಸರುಗಳ ಹಿಂದೆ ಅರ್ಥದ ಜೊತೆಗೆ ಕಥೆಯೂ ಇದೆ, ಇತಿಹಾಸವೂ ಇದೆ. ಮೂರೂ ಒಂದೇ ದಿಕ್ಕಿಗೆ ಹೋಗಬೇಕು ಅಂತೇನಿಲ್ಲ.

ಅರ್ಥ ಒಂದು, ಕಥೆ ಇನ್ನೊಂದು

ಡ್ಯಾಫ್ನಿಯನ್ನೇ ತಗೊಳ್ಳಿ. ಅಪೋಲೊ ದೇವರು ಅವಳ ಹಿಂದೆ ಬೀಳುತ್ತಾನೆ. ಆಕೆಗೆ ಇಷ್ಟವಿಲ್ಲ, ಓಡುತ್ತಾಳೆ. ಇನ್ನೇನು ಸಿಕ್ಕಿಬೀಳಬೇಕು ಅನ್ನುವಾಗ ತನ್ನನ್ನು ಕಾಪಾಡು ಅಂತ ನದಿದೇವತೆಯಾದ ಅಪ್ಪನನ್ನು ಬೇಡಿಕೊಂಡು ಗಿಡವಾಗಿಬಿಡುತ್ತಾಳೆ. ಅಪೋಲೊ ಅಷ್ಟಕ್ಕೂ ಬಿಡುವುದಿಲ್ಲ. ಅವಳ ಎಲೆಗಳನ್ನೇ ತನ್ನ ಕಿರೀಟ ಮಾಡಿಕೊಳ್ಳುತ್ತಾನೆ. ವಿಜಯಿಗಳ ತಲೆಗೆ ಇಡುವ ಲಾರೆಲ್ ಮಾಲೆಗೆ ಪುರಾಣ ಕೊಡುವ ಮೂಲ ಇದು.

ಪರ್ಸೆಫನಿಯದು ಅಪಹರಣದ ಕಥೆ. ಪಾತಾಳದ ದೊರೆ ಹೇಡೀಸ್ ಅವಳನ್ನು ಹೊತ್ತೊಯ್ಯುತ್ತಾನೆ, ಅದಕ್ಕೆ ಅವಳಪ್ಪ ಸ್ಯೂಸ್‌ನ ಒಪ್ಪಿಗೆಯೂ ಇತ್ತು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಪಂಡೋರಾಳ ಕಥೆ ಬರೆದವನು ಹೆಸಿಯಡ್. ಪ್ರಮೀಥಿಯಸ್ ಮನುಷ್ಯರಿಗಾಗಿ ಬೆಂಕಿ ಕದ್ದ ಸಿಟ್ಟಿಗೆ ಸ್ಯೂಸ್ ಸೃಷ್ಟಿ ಮಾಡಿಸಿದ ಮೊದಲ ಹೆಣ್ಣು ಅವಳು. ಅವಳು ಮುಚ್ಚಳ ತೆಗೆದ ತಕ್ಷಣ ಲೋಕದ ಕಷ್ಟಗಳೆಲ್ಲ ಹೊರಗೆ ಬಂದವು. ತಮಾಷೆ ಏನು ಗೊತ್ತಾ? ಹೆಸಿಯಡ್‌ನಲ್ಲಿ ಪೆಟ್ಟಿಗೆಯೇ ಇಲ್ಲ, ಇರುವುದು ದೊಡ್ಡ ಮಣ್ಣಿನ ಗುಡಾಣ. 16ನೇ ಶತಮಾನದಲ್ಲಿ ಎರಾಸ್ಮಸ್ ಲ್ಯಾಟಿನ್‌ನಲ್ಲಿ ಅದನ್ನು ಪೆಟ್ಟಿಗೆ ಮಾಡಿದ, ಅದೇ ಉಳಿದುಕೊಂಡಿತು. 2021ರಲ್ಲಿ ಶ್ರೀಮಂತರ ಗುಪ್ತ ಆಸ್ತಿಗಳ ದಾಖಲೆ ಹೊರಬಿದ್ದಾಗಲೂ ‘ಪಂಡೋರಾ ಪೇಪರ್ಸ್’ ಅಂತ ಅವಳ ಹೆಸರನ್ನೇ ಇಟ್ಟರು.

ಹಾಗಂತ ಕಥೆಗಳು ಕಲ್ಲಿನಲ್ಲಿ ಕೊರೆದಂತಲ್ಲ. ಮೆಡೂಸಾ ಹೆಸಿಯಡ್‌ನಲ್ಲಿ ರಾಕ್ಷಸ ಕುಲದವಳು. ರೋಮನ್ ಕವಿ ಓವಿಡ್‌ನ ಹೊತ್ತಿಗೆ ಅವಳು ದೇವಸ್ಥಾನದಲ್ಲೇ ಅತ್ಯಾಚಾರಕ್ಕೆ ಒಳಗಾಗಿ, ಶಿಕ್ಷೆಯನ್ನೂ ತಾನೇ ಅನುಭವಿಸಿದ ಹೆಣ್ಣು. 2020ರಲ್ಲಿ ನ್ಯೂಯಾರ್ಕ್‌ನ ಕ್ರಿಮಿನಲ್ ಕೋರ್ಟ್ ಎದುರಿನ ಪಾರ್ಕಿನಲ್ಲಿ ಲೂಸಿಯಾನೊ ಗಾರ್ಬಾಟಿಯ ಒಂದು ಶಿಲ್ಪ ನಿಲ್ಲಿಸಿದರು. ಅದರಲ್ಲಿ ಮೆಡೂಸಾಳ ಕೈಯಲ್ಲಿ ಕತ್ತಿ ಇದೆ, ಅವಳನ್ನು ಕೊಂದ ಪರ್ಸಿಯಸ್‌ನ ತಲೆ ಇದೆ.

ಈ ಹೆಸರಿಡಬೇಡಿ ಅಂದ ಚರ್ಚು

ಗ್ರೀಸ್‌ನವರು ತಮ್ಮ ಪುರಾಣದ ಹೆಸರುಗಳನ್ನು ಯಾವಾಗಲೂ ಇಟ್ಟುಕೊಂಡೇ ಬಂದಿದ್ದಾರೆ ಅಂತ ನಾವು ಅಂದುಕೊಳ್ತೇವೆ. ಅದು ಹಾಗಲ್ಲ. ಕ್ರೈಸ್ತ ಧರ್ಮ ಬಂದ ಮೇಲೆ ಶತಮಾನಗಳ ಕಾಲ ಅಲ್ಲಿ ನಡೆದದ್ದು ಹೆಚ್ಚಾಗಿ ಸಂತರ ಹೆಸರುಗಳು ಮತ್ತು ಅಜ್ಜ-ಅಜ್ಜಿಯರ ಹೆಸರುಗಳು.

18ನೇ ಶತಮಾನದ ಕೊನೆಯ ಹೊತ್ತಿಗೆ ಓದಿದ ಗ್ರೀಕರಲ್ಲಿ ‘ನಾವು ಬರೀ ಆಟೊಮನ್ ದೊರೆಯ ಪ್ರಜೆಗಳಲ್ಲ, ಪ್ರಾಚೀನ ಹೆಲ್ಲಾಸ್‌ನ ವಾರಸುದಾರರು’ ಅನ್ನೋ ಭಾವನೆ ಬೆಳೆಯಿತು. ಮಕ್ಕಳಿಗೆ ಹಳೆಯ ಹೆಸರಿಡೋದು ಅದರ ಒಂದು ರೂಪ. 1819ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಐದನೇ ಗ್ರೆಗರಿ ಸುತ್ತೋಲೆ ಹೊರಡಿಸಿ, ದೀಕ್ಷಾಸ್ನಾನದಲ್ಲಿ ಮಕ್ಕಳಿಗೆ ಪ್ರಾಚೀನ ಗ್ರೀಕ್ ಹೆಸರಿಡುವ ಈ ‘ಹೊಸ ಚಾಳಿ’ಯನ್ನು ಖಂಡಿಸಿದರು. ಆಟೊಮನ್ ಆಡಳಿತದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರಿಗೆಲ್ಲ ಅವರೇ ಜವಾಬ್ದಾರರು. ಎರಡೇ ವರ್ಷಕ್ಕೆ, 1821ರಲ್ಲಿ, ಗ್ರೀಕ್ ದಂಗೆ ಶುರುವಾಯಿತು. ದಂಗೆಯನ್ನೂ ಖಂಡಿಸಿದ್ದ ಅದೇ ಗ್ರೆಗರಿಯನ್ನು ಆಟೊಮನ್ನರು ಈಸ್ಟರ್ ದಿನ ಗಲ್ಲಿಗೇರಿಸಿದರು. ಇವತ್ತು ನಮಗೆ ಬರೀ ‘ಕ್ಯೂಟ್’ ಅನ್ನಿಸುವ ಹೆಸರುಗಳು ಒಂದು ಕಾಲಕ್ಕೆ ರಾಜಕೀಯ ಹೇಳಿಕೆ ಆಗಿದ್ದವು.

ಇನ್ನೊಂದು ವಿಷಯ. ಗ್ರೀಸ್‌ನಲ್ಲಿ ಹೆಣ್ಣುಮಕ್ಕಳ ಸರ್‌ನೇಮ್ ಸಾಮಾನ್ಯವಾಗಿ ಷಷ್ಠೀ ವಿಭಕ್ತಿಯಲ್ಲಿರುತ್ತದೆ. ಅಣ್ಣ ಪಾಪಡೋಪುಲೋಸ್ ಆದರೆ ತಂಗಿ ಪಾಪಡೋಪುಲು, ಅಂದ್ರೆ ‘ಪಾಪಡೋಪುಲೋಸ್‌ನ’. ಯುದ್ಧದೇವತೆ ಅಥೀನಾಳ ಹೆಸರಿಟ್ಟರೂ ಪಕ್ಕದಲ್ಲೇ ‘ಇಂಥವನವಳು’ ಅಂತ ಬರೆದಿರುತ್ತೆ. ಮದುವೆಯಾದ ಮೇಲೂ ಹೆಣ್ಣು ತನ್ನ ಹುಟ್ಟಿನ ಸರ್‌ನೇಮ್ ಅನ್ನೇ ಉಳಿಸಿಕೊಳ್ಳಬೇಕು ಅನ್ನೋ ಕಾನೂನು 1983ರಲ್ಲಿ ಬಂತು. ಅದು ದೊಡ್ಡ ಸುಧಾರಣೆ, ಆದರೆ ವಿಭಕ್ತಿ ಅಲ್ಲೇ ಉಳಿಯಿತು.

ಹೆಸರಿಟ್ಟವರು ಯಾರು?

1761ರಲ್ಲಿ ಪಶ್ಚಿಮ ಆಫ್ರಿಕಾದಿಂದ ಬಾಸ್ಟನ್‌ಗೆ ಗುಲಾಮಳಾಗಿ ಬಂದ ಏಳೆಂಟು ವರ್ಷದ ಹುಡುಗಿಯೊಬ್ಬಳಿಗೆ ಫಿಲಿಸ್ ಅಂತ ಹೆಸರಿಟ್ಟರು. ಗ್ರೀಕ್ ಪುರಾಣದಲ್ಲಿ ಫಿಲಿಸ್ ಒಬ್ಬ ರಾಜಕುಮಾರಿ. ಆದರೆ ಈ ಹುಡುಗಿಗೆ ಆ ಹೆಸರು ಬಂದದ್ದು ಅವಳನ್ನು ಹೊತ್ತು ತಂದ ಹಡಗಿನಿಂದ. ವೀಟ್ಲಿ ಅನ್ನೋದು ಕೊಂಡವರ ಸರ್‌ನೇಮ್. ಅಮೆರಿಕದ ಗುಲಾಮರ ಮಾಲೀಕರು ಹೀಗೆ ವೀನಸ್, ಫೀಬಿ, ಸೀಸರ್, ಪಾಂಪೆ ಅಂತೆಲ್ಲ ಹೆಸರಿಡುತ್ತಿದ್ದರು. ಫಿಲಿಸ್ ವೀಟ್ಲಿ 1773ರಲ್ಲಿ ಕವನ ಸಂಕಲನ ಪ್ರಕಟಿಸಿದಳು. ಕವನ ಪುಸ್ತಕ ಪ್ರಕಟಿಸಿದ ಮೊದಲ ಆಫ್ರಿಕನ್ ಅಮೆರಿಕನ್ ಆಕೆ. ಅಪ್ಪ-ಅಮ್ಮ ಇಟ್ಟಿದ್ದ ಹೆಸರು ಏನು ಅಂತ ಇವತ್ತಿಗೂ ಗೊತ್ತಿಲ್ಲ. ಹೆಸರಿಡುವ ಅಧಿಕಾರ ಯಾರ ಕೈಯಲ್ಲಿತ್ತು ಅನ್ನೋ ಪ್ರಶ್ನೆ ನಮ್ಮ ದೇಶದವರಿಗೂ ಹೊಸದೇನಲ್ಲ.

ಹಾಗಾದ್ರೆ ಇಡಲೇಬಾರದಾ?

ಖಂಡಿತ ಇಡಿ. ನನ್ನ ಓಟು ಆಂಟಿಗೊನಿಗೆ. ಸತ್ತ ಅಣ್ಣನನ್ನು ಮಣ್ಣು ಮಾಡಬಾರದು ಅಂತ ರಾಜ ಕ್ರಿಯಾನ್ ಆಜ್ಞೆ ಹೊರಡಿಸಿದಾಗ, ಆ ಆಜ್ಞೆ ನ್ಯಾಯಕ್ಕಿಂತ ದೊಡ್ಡದಲ್ಲ ಅಂದವಳು ಅವಳು. ನೆಲ್ಸನ್ ಮಂಡೇಲಾ ರಾಬೆನ್ ದ್ವೀಪದ ಜೈಲಿನಲ್ಲಿದ್ದಾಗ ಕೈದಿಗಳು ಸೋಫೋಕ್ಲಿಸ್‌ನ ಈ ನಾಟಕ ಆಡಿದ್ದರು, ಮಂಡೇಲಾ ಅದರಲ್ಲಿ ಕ್ರಿಯಾನ್ ಪಾತ್ರ ಮಾಡಿದ್ದರು. ಪಿ. ಲಂಕೇಶ್ ‘ಅಂತಿಗೊನೆ’ಯಾಗಿ ಅದನ್ನು ಕನ್ನಡಕ್ಕೆ ತಂದರು. ಅವಳ ಕಥೆಯೂ ಸಾವಿನಲ್ಲೇ ಮುಗಿಯುತ್ತದೆ, ನಿಜ. ಆದರೆ ಅದರಲ್ಲಿ ನಿರ್ಧಾರ ಅವಳದು.

ಕೋಡ್ ಬರೆದವರಿಗೆ ಗೊತ್ತಿರುತ್ತೆ, ವೇರಿಯಬಲ್‌ಗೆ ಹೆಸರಿಡೋಕೇ ಅರ್ಧ ದಿನ ಹೋಗುತ್ತೆ. ಮಗುವಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಕೊಡೋಣ. ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಕಥೆಯಲ್ಲಿ ಅವಳು ಏನಾದರೂ ಮಾಡುತ್ತಾಳಾ, ಅಥವಾ ಎಲ್ಲವೂ ಅವಳಿಗೆ ಆಗುತ್ತದಾ? ಆಗುವುದೇ ಆದರೂ, ಅದನ್ನು ಅವಳ ಕಡೆಯಿಂದ ಹೇಳಲು ನೀವು ತಯಾರಿದ್ದೀರಾ? ಅಜ್ಜಿ ಕರೆಯೋಕೆ, ಟೀಚರ್ ಹಾಜರಿ ಕೂಗೋಕೆ ಬಾಯಿಗೆ ಬರುತ್ತಾ? ಇಂಗ್ಲಿಷ್ ಕಾಗುಣಿತ ನೋಡಿದವರು ಪೆನೆಲೊಪಿಯನ್ನು ‘ಪೆನೆಲೋಪ್’ ಮಾಡೋದು ಗ್ಯಾರಂಟಿ.

ಅವಸರ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮಗುವಿನ ಜನನವನ್ನು ಹೆಸರಿಲ್ಲದೆಯೇ ನೋಂದಾಯಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು. 12 ತಿಂಗಳೊಳಗಾದರೆ ತಡದ ಶುಲ್ಕವೂ ಇಲ್ಲ. ಅಷ್ಟರಲ್ಲಿ ಕಥೆ ಪೂರ್ತಿ ಓದಿಬಿಡಿ. ಮುಂದೊಂದು ದಿನ ಮಗಳು ‘ಇವಳು ಯಾರು, ಇವಳ ಹೆಸರನ್ನ ನನಗ್ಯಾಕೆ ಇಟ್ರಿ?’ ಅಂತ ಕೇಳೇ ಕೇಳ್ತಾಳೆ. ‘ಕೇಳೋಕೆ ಚೆನ್ನಾಗಿತ್ತು’ ಅನ್ನೋ ಉತ್ತರ ಅವಳಿಗೆ ಸಾಕಾಗಲ್ಲ.