ಗಾಲಿಯ ಮೇಲಿನ ಮನೆಯೂ ನೀರಿನ ಹನಿಯೂ

ಮೋಟಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯಬಹುದಾದ ಪುಟ್ಟ ಮನೆಗಳನ್ನು ಅಮೆರಿಕದಲ್ಲಿ ‘ಟ್ರಾವೆಲ್ ಟ್ರೇಲರ್’ ಎಂದು ಕರೆಯುತ್ತಾರೆ. ಮಲಗುವ ಮಂಚ, ಅಡಿಗೆಯ ಒಲೆ, ಊಟದ ಮೇಜು ಎಲ್ಲವೂ ಗಾಲಿಗಳ ಮೇಲೆ ಅಡಕವಾಗಿರುತ್ತವೆ. ಗ್ಲೈಡರುಗಳ ನಿರ್ಮಾಪಕರಾಗಿದ್ದ ಹಾಲೀ ಬೋಲಸ್ ಎಂಬವರು 1934ರಲ್ಲಿ, ವಿಮಾನದ ಒಡಲಿನಂತೆಯೇ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿ, ‘ರೋಡ್ ಚೀಫ್’ ಎಂಬ ಟ್ರೇಲರನ್ನು ರಚಿಸಿದರು. 1936ರಲ್ಲಿ ವಾಲಿ ಬಯಮ್ ಅವರ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಇದೇ ಬಗೆಯಲ್ಲಿ ಹೊರಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಮರದ ಚೌಕಟ್ಟಿಗೆ ತೆಳು ತಗಡು ಹೊದಿಸಿದ ಟ್ರೇಲರುಗಳು ಬಹುಸಂಖ್ಯೆಯಲ್ಲಿ ತಯಾರಾದವು. ಇಂತಹ ಹಳೆಯ ಗಾಡಿಗಳನ್ನು ಹುಡುಕಿ ತಂದು, ದುರಸ್ತಿಮಾಡಿ, ಮತ್ತೆ ರಸ್ತೆಗಿಳಿಸುವವರು ಆ ದೇಶದಲ್ಲಿ ಇಂದಿಗೂ ಅನೇಕರಿದ್ದಾರೆ.

ಈ ಗಾಡಿಗಳ ಮುಖ್ಯ ಶತ್ರು ವಯಸ್ಸಲ್ಲ, ನೀರು. ಹೊರಗಿನ ತಗಡು ಬೆಳ್ಳಿಯಂತೆ ಹೊಳೆಯುತ್ತಿದ್ದರೂ ಒಳಗಿನ ಮರ ಕೊಳೆತು ಹಿಟ್ಟಾಗಿರಬಹುದು. ಇದು ಅಂದಚಂದದ ಪ್ರಶ್ನೆಯಷ್ಟೇ ಅಲ್ಲ. ಏರ್‌ಸ್ಟ್ರೀಮ್ ಮಾದರಿಯ ಗಾಡಿಯಲ್ಲಿ ಮೇಲಿನ ಕವಚ, ನಡುವಿನ ಪ್ಲೈವುಡ್ ನೆಲ, ಕೆಳಗಿನ ಉಕ್ಕಿನ ಚೌಕಟ್ಟು ಮೂರನ್ನೂ ಬೋಲ್ಟುಗಳು ಹಿಡಿದಿರುತ್ತವೆ. ನೆಲ ಕೊಳೆತರೆ ಬೋಲ್ಟುಗಳ ಹಿಡಿತ ಸಡಿಲವಾಗಿ, ಕವಚವೂ ಚೌಕಟ್ಟೂ ಒಂದನ್ನೊಂದು ಬಿಟ್ಟುಕೊಳ್ಳತೊಡಗುತ್ತವೆ. ಹೆದ್ದಾರಿಯಲ್ಲಿ ವೇಗದಿಂದ ಸಾಗುವ ಮನೆಗೆ ಇದಕ್ಕಿಂತ ದೊಡ್ಡ ಅಪಾಯ ಮತ್ತಾವುದು?

ಅಷ್ಟು ಗಟ್ಟಿಯಾಗಿ ಬೆಸೆದ ತಗಡಿನೊಳಕ್ಕೆ ನೀರು ನುಗ್ಗುವುದು ಹೇಗೆ? ಮೊದಲ ಕಾರಣ ಕೇಶಾಕರ್ಷಣ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದನ್ನು ನಾವೆಲ್ಲ ನೋಡಿದ್ದೇವೆ. ಒಂದರ ಮೇಲೊಂದು ಕೂರಿಸಿದ ಎರಡು ತಗಡುಗಳ ನಡುವಣ ಸಂದಿನಲ್ಲಿಯೂ ನೀರು ಹಾಗೆಯೇ ಏರುತ್ತದೆ. ಸಂದು ಕಿರಿದಾದಷ್ಟೂ ಏರಿಕೆ ಹೆಚ್ಚು. 0.1 ಮಿಲಿಮೀಟರ್ ಅಗಲದ ಸಂದಿನಲ್ಲಿ, ಅದರ ಗೋಡೆಗಳು ಚೆನ್ನಾಗಿ ತೋಯುವಂತಿದ್ದರೆ, ನೀರು ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಏರಬಲ್ಲದೆಂದು ಲೆಕ್ಕ ಹೇಳುತ್ತದೆ. ‘ನೀರು ತಗ್ಗಿಗೇ ಹರಿಯುತ್ತದೆ’ ಎಂಬ ನಂಬಿಕೆ ಇಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ.

ಎರಡನೆಯ ಕಾರಣ ಗಾಳಿಯ ಒತ್ತಡ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಸಾಗುವ ಗಾಡಿಯ ಮುಂಭಾಗವನ್ನು ಗಾಳಿಯು ಸುಮಾರು 38 ಮಿಲಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮನಾದ ಒತ್ತಡದಿಂದ ಅಮುಕಬಲ್ಲದು. ನಿಂತಾಗ ಸೋರದ ಕಿಟಕಿಯು ಮಳೆಯಲ್ಲಿ ಓಡುವಾಗ ಸೋರುವುದು ಇದರಿಂದಲೇ.

ಮೂರನೆಯದು ಉಷ್ಣದಿಂದಾಗುವ ಹಿಗ್ಗು. 5 ಮೀಟರ್ ಉದ್ದದ ಅಲ್ಯೂಮಿನಿಯಂ ತಗಡು, ಅದರ ತಾಪ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದಾಗ, ಸುಮಾರು 4.6 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಮರದ ತೊಲೆಯು ಎಳೆಯ ದಿಕ್ಕಿನಲ್ಲಿ ಒಂದು ಮಿಲಿಮೀಟರೂ ಹಿಗ್ಗುವುದಿಲ್ಲ. ಹಗಲಿನ ಬಿಸಿಲು, ಇರುಳಿನ ಚಳಿ ಹೀಗೆ ಸಾವಿರಾರು ಸಲ ಎಳೆದಾಡಿದರೆ ತಿರುಪಿನ ರಂಧ್ರಗಳು ಅಗಲವಾಗುತ್ತವೆ. ಒಣಗಿ ಬಿರುಸಾದ ಹಳೆಯ ಪುಟ್ಟಿ ಬಿರುಕುಬಿಡುತ್ತದೆ.

ಇನ್ನು, ಹೊರಗಿನಿಂದ ಒಂದು ಹನಿ ಬಾರದಿದ್ದರೂ ಒಳಗೆ ನೀರು ಹುಟ್ಟಬಹುದು! 1 ಕಿಲೋಗ್ರಾಮ್ ಪ್ರೊಪೇನ್ ಅನಿಲವನ್ನು ಒಲೆಯಲ್ಲಿ ಉರಿಸಿದರೆ ಸುಮಾರು 1.6 ಕಿಲೋಗ್ರಾಮ್ ನೀರಾವಿ ಉತ್ಪನ್ನವಾಗುತ್ತದೆ. ಮಲಗಿದವರ ಉಸಿರಿನ ತೇವವೂ ಇದಕ್ಕೆ ಕೂಡುತ್ತದೆ. ಗಾಳಿಯ ತಾಪ 20 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 60 ಇದ್ದರೆ, ಅದರ ಇಬ್ಬನಿ ಬಿಂದು ಸುಮಾರು 12 ಡಿಗ್ರಿ. ಗೋಡೆಯ ತಗಡು ಅದಕ್ಕಿಂತ ತಣ್ಣಗಿದ್ದರೆ ಇಬ್ಬನಿ ಕಟ್ಟಿ, ಗೋಡೆಯೊಳಗೇ ಇಳಿದು ನೆಲದ ಅಂಚನ್ನು ಸೇರುತ್ತದೆ.

ಮರಕ್ಕೆ ನೀರು ತಗಲಿದರೆ ಏನಾಗುತ್ತದೆ? ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಮನೆಗಳ ಬಾಗಿಲು ಉಬ್ಬಿ ಕಚ್ಚಿಕೊಳ್ಳುವುದನ್ನು ವಾಚಕರು ಕಂಡಿರಬಹುದು. ಆ ಉಬ್ಬು ಒಣಗಿದರೆ ಇಳಿಯುತ್ತದೆ, ಕೊಳೆತವು ಹಾಗಲ್ಲ. ಪೂರ್ತಿ ಒಣಗಿಸಿದಾಗ 100 ಗ್ರಾಂ ತೂಗುವ ಮರದ ತುಂಡು ಈಗ 130 ಗ್ರಾಂ ಇದ್ದರೆ, ಅದರ ತೇವಾಂಶ ನೂರಕ್ಕೆ 30 ಎನ್ನುತ್ತೇವೆ. ಹೆಚ್ಚುಕಡಿಮೆ ಇಷ್ಟು ತೇವದಲ್ಲಿ ಮರದ ಕೋಶಭಿತ್ತಿಗಳು ನೀರಿನಿಂದ ತುಂಬಿ, ಮರವನ್ನು ತಿನ್ನುವ ಶಿಲೀಂಧ್ರಗಳು ಬೆಳೆಯಲು ಅನುಕೂಲವಾಗುತ್ತದೆ. ತೇವಾಂಶ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಆದರೆ ಒಣಗಿದ ಮಾತ್ರಕ್ಕೆ ಅವೆಲ್ಲ ಸಾಯುವುದೂ ಇಲ್ಲ. ತೇವ ಮರಳಿದರೆ ಮತ್ತೆ ತಲೆಯೆತ್ತಬಹುದು.

ಲೋಹಕ್ಕೂ ಕ್ಷೇಮವಿಲ್ಲ. ಉಕ್ಕೂ ಅಲ್ಯೂಮಿನಿಯಮ್ಮೂ ತಾಗಿರುವೆಡೆ ಉಪ್ಪು ಬೆರೆತ ನೀರು ನಿಂತರೆ, ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗುತ್ತದೆ.

ಹಾಗಾದರೆ ದುರಸ್ತಿಯ ಕ್ರಮವೇನು? ಮೊದಲು ರೋಗನಿದಾನ. ಎರಡು ಮೊಳೆಗಳುಳ್ಳ ತೇವಮಾಪಕವನ್ನು ಮರಕ್ಕೆ ಚುಚ್ಚಿ ವಿದ್ಯುತ್ ರೋಧವನ್ನು ಅಳೆಯುತ್ತಾರೆ. ತೇವ ಏರಿದಂತೆ ಮರದ ರೋಧ ಲಕ್ಷಾಂತರ ಮಡಿ ಇಳಿಯುವುದರಿಂದ, ಕಣ್ಣಿಗೆ ಕಾಣದ ತೇವವೂ ಅಂಕೆಯಾಗಿ ಕಾಣಿಸುತ್ತದೆ. ಸೋರುವ ಜಾಗವನ್ನು ಕಂಡುಹಿಡಿಯಲು ನೀರನ್ನು ಕೆಳಗಿನಿಂದ ಆರಂಭಿಸಿ ಮೇಲಕ್ಕೆ, ಒಂದೊಂದೇ ಬೆಸುಗೆಗೆ ಹಾಯಿಸಬೇಕು. ಮೇಲಿನಿಂದ ಸುರಿದರೆ ಎಲ್ಲವೂ ಒಮ್ಮೆಗೇ ನೆನೆದು, ಕಳ್ಳನಾರೆಂದು ತಿಳಿಯುವುದಿಲ್ಲ. ಇನ್ನೊಂದು ಉಪಾಯವಿದೆ. ಗಾಡಿಯೊಳಗೆ ಬೀಸುಯಂತ್ರದಿಂದ ಗಾಳಿ ತುಂಬಿ, ಹೊರಗೆ ಸಾಬೂನು ನೀರು ಸವರಿದರೆ, ಸೋರುವೆಡೆ ಗುಳ್ಳೆಗಳೆದ್ದು ತಾವೇ ಸಾಕ್ಷಿ ಹೇಳುತ್ತವೆ.

ತರುವಾಯ ಒಳಗೋಡೆಯ ಹಲಗೆಗಳನ್ನು ಬಿಚ್ಚಬೇಕು. ಅವು ಮುರುಕಲಾಗಿದ್ದರೂ ಎಸೆಯಬಾರದು. ಹೊಸ ಹಲಗೆ ಕತ್ತರಿಸಲು ಅವೇ ಅಚ್ಚು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸುವುದು ಅಪಾಯಕರ. ಕೊಳೆತ ಭಾಗವನ್ನು ಗಟ್ಟಿ ಮರ ಸಿಕ್ಕುವವರೆಗೂ, ಅದರಾಚೆಗೂ ಸ್ವಲ್ಪ, ಕತ್ತರಿಸಿ ತೆಗೆಯಬೇಕು. ಉಳಿದ ಮರವನ್ನು ಚೆನ್ನಾಗಿ ಒಣಗಿಸಬೇಕು. ಎಪಾಕ್ಸಿ ಅಂಟನ್ನು ಕೊಳೆತಕ್ಕೆ ಕುಡಿಸಿ ಗಟ್ಟಿಮಾಡುವ ವಾಡಿಕೆಯುಂಟು. ಅಲಂಕಾರದ ಪಟ್ಟಿಗೆ ಅದು ಸಾಕು, ಭಾರ ಹೊರುವ ತೊಲೆಗೆ ಸಲ್ಲದು. ಕೊಳೆತದ ಆರಂಭದಲ್ಲಿ ಮರದ ತೂಕ ಅಲ್ಪವೇ ಇಳಿದಿದ್ದರೂ ಬಲ ಬಹುಮಟ್ಟಿಗೆ ಕುಂದಿರುತ್ತದೆ. ನೋಡಿದರೆ ಗಟ್ಟಿ, ತುಳಿದರೆ ಟೊಳ್ಳು.

ಉಕ್ಕಿನ ಚೌಕಟ್ಟಿನ ತುಕ್ಕನ್ನು ಕೆರೆದು ಬಣ್ಣ ಬಳಿದು, ಅಲ್ಯೂಮಿನಿಯಂ ತಾಗುವಲ್ಲೆಲ್ಲ ನಡುವೆ ವಿದ್ಯುತ್ ಹರಿಯದ ಪಟ್ಟಿ ಇಡಬೇಕು. ಹೊಸ ಪ್ಲೈವುಡ್ಡಿನ ಅಂಚುಗಳೇ ಹೆಚ್ಚು ನೀರು ಹೀರುವ ಬಾಯಿಗಳು. ಅವನ್ನು ಎಪಾಕ್ಸಿಯಿಂದ ಮುಚ್ಚಬೇಕು. ಸಂದುಗಳಿಗೆ ಬಿರುಸಾಗುವ ಪುಟ್ಟಿಗಿಂತ ಮೆತ್ತಗೇ ಉಳಿಯುವ ಬ್ಯುಟೈಲ್ ರಬ್ಬರಿನ ಪಟ್ಟಿ ಮೇಲು. ತಗಡು ಹಿಗ್ಗಿ ಕುಗ್ಗಿದರೂ ಅದು ಕೈಬಿಡದು. ಕೊನೆಯಲ್ಲಿ, ಒಳಗಿನ ಆವಿ ಹೊರಹೋಗಲು ಗವಾಕ್ಷಿಯನ್ನು ಮರೆಯಬಾರದು.

ಹಳೆಯ ಟ್ರೇಲರ್ ಕೊಳ್ಳುವವರು ಸಾಮಾನ್ಯವಾಗಿ ಹೊಳಪಿನಿಂದ ಆರಂಭಿಸುತ್ತಾರೆ. ಒದ್ದೆ ಮರದ ಮೇಲೆ ಬಣ್ಣ ಬಳಿದರೆ ನೀರನ್ನು ಒಳಗೇ ಸೆರೆಹಿಡಿದಂತೆ. ಕೊಳೆತವು ಆ ಮರೆಯಲ್ಲಿ ಬೆಳೆಯುತ್ತದೆ. ಮೊದಲು ಸೋರಿಕೆ, ಆಮೇಲೆ ಚೌಕಟ್ಟು, ತರುವಾಯ ನೆಲ, ಕಟ್ಟಕಡೆಗೆ ಬಣ್ಣ: ಇದೇ ಸರಿಯಾದ ಕ್ರಮ. ಅಷ್ಟಾದ ಮೇಲೂ ಪ್ರತಿ ಮಳೆಗಾಲದ ಕೊನೆಗೆ ತೇವಮಾಪಕವನ್ನು ಒಮ್ಮೆ ನೆಲದ ಅಂಚಿಗೆ ಚುಚ್ಚಿ ನೋಡುವುದು ಜಾಣತನ.